ಶಾಲೆಯೊಳಗಿನ ಮತಗಟ್ಟೆ

ಶ್ರೋತೃಗಳಿಗೆ ನಮಸ್ಕಾರ.

ತರಗತಿಯ ನಾಯಕನ ಆಯ್ಕೆಗಾಗಿ ಶಿಕ್ಷಕರು ಕೈ ಎತ್ತಲು ಹೇಳಿದಾಗ, ಬಹಳಷ್ಟು ಮಕ್ಕಳ ಕಣ್ಣು ಮೊದಲು ಹೋಗುವುದು ಪಕ್ಕದಲ್ಲಿ ಕುಳಿತ ಗೆಳೆಯನ ಕೈಯ ಕಡೆಗೆ. ಅವನು ಮುನಿಸಿಕೊಂಡಾನೆಂಬ ಅಂಜಿಕೆಯಿಂದ ಮೇಲೆದ್ದ ಕೈಯನ್ನು ಮತವೆನ್ನಲು ನನಗೆ ಮನಸ್ಸು ಬಾರದು. ದೊಡ್ಡವರ ಚುನಾವಣೆಯಲ್ಲೂ ಇದ್ದ ಇಂಥದೇ ಅಂಜಿಕೆಯನ್ನು ತೊಲಗಿಸಲೆಂದು, ಸರ್ಕಾರವೇ ಒದಗಿಸಿದ ಮತಪತ್ರದಲ್ಲಿ ಗೋಪ್ಯವಾಗಿ ಮತ ಹಾಕುವ ಪದ್ಧತಿಯನ್ನು ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತವು 1856ರಲ್ಲಿ ಜಾರಿಗೆ ತಂದಿತು. ಶಾಲೆಯ ಅಣಕು ಚುನಾವಣೆಯೂ ಆ ಮರೆಯಿಂದಲೇ ಆರಂಭವಾಗಬೇಕು. ಅಣಕು ಎಂಬ ಮಾತು ಬಳಕೆಯಲ್ಲಿದೆಯಾದರೂ ಮಕ್ಕಳು ಅಲ್ಲಿ ಯಾರನ್ನೂ ಅಣಕಿಸುವುದಿಲ್ಲ, ಮುಂದೆ ತಮ್ಮ ಪಾಲಿಗೆ ಬರಲಿರುವ ಹೊಣೆಯನ್ನು ಅಭ್ಯಾಸ ಮಾಡುತ್ತಾರೆ.

ನಾರ್ವೆಯಲ್ಲಿ 1989ರಿಂದ ದೇಶಾದ್ಯಂತ ಪ್ರೌಢಶಾಲೆಗಳಲ್ಲಿ ಇಂಥ ಚುನಾವಣೆ ನಡೆಯುತ್ತಿದೆ. ಮತದಾನಕ್ಕೆ ಮುನ್ನ ಪಕ್ಷಗಳ ಯುವ ಘಟಕಗಳವರು ಶಾಲೆಗೇ ಬಂದು ವಾದ ಮಂಡಿಸುತ್ತಾರೆ. ಜರ್ಮನಿಯಲ್ಲಿ 1999ರಲ್ಲಿ, ಕೆನಡಾದಲ್ಲಿ 2003ರಲ್ಲಿ ಆರಂಭವಾದ ಕಾರ್ಯಕ್ರಮಗಳಲ್ಲಿ ವಿದ್ಯಾರ್ಥಿಗಳು ನಿಜವಾದ ಚುನಾವಣೆಯ ಅಭ್ಯರ್ಥಿಗಳಿಗೂ ಪಕ್ಷಗಳಿಗೂ ಮತ ಹಾಕುತ್ತಾರೆ. ಈ ಎರಡು ದೇಶಗಳಲ್ಲಿ ಹಿರಿಯರ ಮತದಾನ ಮುಗಿಯುವವರೆಗೆ ಮಕ್ಕಳ ಫಲಿತಾಂಶವನ್ನು ಹೊರಗೆಡಹುವುದಿಲ್ಲ. ಈ ಕಟ್ಟುನಿಟ್ಟು ನನಗೆ ಬಹಳ ಮೆಚ್ಚುಗೆಯಾದದ್ದು, ಏಕೆಂದರೆ ನಿಯಮವನ್ನು ದೊಡ್ಡವರು ಗೌರವಿಸಿದರೆ ಮಾತ್ರ ಮಕ್ಕಳೂ ಗೌರವಿಸುತ್ತಾರೆ.

ಭಿತ್ತಿಪತ್ರ, ಘೋಷಣೆ, ಭಾಷಣಗಳಿಗೆ ಶಾಲೆಗಳು ದಿನಗಟ್ಟಲೆ ಕೊಟ್ಟು, ಎಣಿಕೆಯನ್ನು ಶಿಕ್ಷಕರ ಕೋಣೆಯಲ್ಲಿ ಹತ್ತೇ ನಿಮಿಷದಲ್ಲಿ ಮುಗಿಸಿಬಿಡುವುದು ದೊಡ್ಡ ಕೊರತೆ. ಎಣಿಕೆಯ ಮೇಜಿನ ಸುತ್ತ ಮಕ್ಕಳೇ ನಿಂತಿರಲಿ. ಮಡಿಕೆ ಬಿಚ್ಚಿದ ಒಂದು ಮತಪತ್ರದಲ್ಲಿ ಗುರುತು ಎರಡು ಹೆಸರುಗಳ ನಡುವಿನ ಗೆರೆಯ ಮೇಲೆಯೇ ಬಿದ್ದಿದೆ ಎಂದುಕೊಳ್ಳಿ. ಒಬ್ಬಳು ಅದನ್ನು ತನ್ನ ಅಭ್ಯರ್ಥಿಯ ಮತವೆನ್ನುತ್ತಾಳೆ, ಇನ್ನೊಬ್ಬ ಒಪ್ಪುವುದಿಲ್ಲ. ಮತ ಹಾಕಿದವರ ಇಂಗಿತ ಸ್ಪಷ್ಟವಿದೆಯೇ ಎಂದು ಎಲ್ಲರೂ ಬಗ್ಗಿ ನೋಡುತ್ತಾರೆ. ಕೊನೆಗೆ ಮೊದಲೇ ಒಪ್ಪಿಕೊಂಡ ನಿಯಮವನ್ನು ಓದಿ ಅದನ್ನು ತಿರಸ್ಕೃತ ಮತಗಳ ಕಟ್ಟಿಗೆ ಸೇರಿಸುತ್ತಾರೆ. ಒಂದು ಮತದ ಬೆಲೆಯನ್ನು ಇಷ್ಟು ಹತ್ತಿರದಿಂದ ತೋರಿಸುವ ಪಾಠ ಪೌರನೀತಿಯ ಪುಸ್ತಕದಲ್ಲಿ ಸಿಗುವುದು ಕಷ್ಟ.

ಆದ್ದರಿಂದ ಶಿಕ್ಷಕರಲ್ಲಿ ನನ್ನ ವಿನಂತಿಯಿದು: ಎಣಿಕೆಗೆ ಒಂದು ಪೂರ್ಣ ಅವಧಿಯನ್ನು ಮೀಸಲಿಡಿ. ಹಂಚಿದ ಮತಪತ್ರಗಳೆಷ್ಟು, ಪೆಟ್ಟಿಗೆಯಲ್ಲಿ ಸಿಕ್ಕವೆಷ್ಟು, ತಿರಸ್ಕೃತವಾದವೆಷ್ಟು ಎಂಬುದನ್ನು ಎಲ್ಲರಿಗೂ ಕಾಣುವಂತೆ ಹಲಗೆಯ ಮೇಲೆ ಬರೆಸಿ. ಲೆಕ್ಕ ತಾಳೆಯಾದ ಮೇಲೆ, ಫಲಿತಾಂಶದ ಹಾಳೆಗೆ ಮೊದಲ ಸಹಿಯನ್ನು ಸೋತ ಅಭ್ಯರ್ಥಿಯ ಕಡೆಯವರಿಂದ ಹಾಕಿಸಿ.