ಓರೆ ಬೆಳಕಿಗೆ ಎದ್ದ ಕುದುರೆ

ಕೇಳುಗರಿಗೆ ನಮಸ್ಕಾರ.

ನಾನು ವಿಜಯಪುರದ ಶಾಲೆಯೊಂದರಲ್ಲಿ ಬಹಳ ವರ್ಷ ಡ್ರಾಯಿಂಗ್ ಮಾಸ್ತರಿಕೆ ಮಾಡಿದವನು. ಒಮ್ಮೆ ಒಂಬತ್ತನೇ ಇಯತ್ತೆ ಹುಡುಗರನ್ನು ಸಿಂದಗಿ ರಸ್ತೆಯ ಕುಮಟಗಿಗೆ ಕರೆದುಕೊಂಡು ಹೋಗಿದ್ದೆ. ಆದಿಲಶಾಹಿ ಕಾಲದ ನೀರಿನ ಮಹಲು, ಕಾರಂಜಿಯ ಕೊಳವೆ ನೋಡಿ ಹುಡುಗರು ಕುಣಿದಾಡಿದರು. ಗೋಡೆಯ ಚಿತ್ರಗಳತ್ತ ಮಾತ್ರ ಯಾರೂ ತಿರುಗಲಿಲ್ಲ. ಅವರದೇನು ತಪ್ಪು? ಕುದುರೆ ಏರಿ ಚೆಂಡಾಡುವವರು, ಕುಸ್ತಿ ಹಿಡಿದವರು ಎಲ್ಲ ಮಾಸಿಹೋಗಿದ್ದಾರೆ. ಮೇಲೆ ಮೊಳೆಯಿಂದ ಕೊರೆದ ಹೆಸರುಗಳು ಬೇರೆ.

ಒಬ್ಬ ಹುಡುಗ ಸುಮ್ಮನೆ ಆಟಕ್ಕೆಂದು ನನ್ನ ಮೊಬೈಲಿನ ಬ್ಯಾಟರಿ ಬೆಳಕನ್ನು ಗೋಡೆಗೆ ಓರೆಯಾಗಿ ಹಿಡಿದ. "ಸರ್ರ, ಇಲ್ಲಿ ನೋಡ್ರಿ, ಕುದರಿ ಕಾಲು ಎದ್ದು ಬಂತು!" ಎಂದು ಕೂಗಿದ. ಬಣ್ಣ ಉದುರಿದ್ದರೂ ಅದರ ಅಂಚು ಗಾರೆಯ ಮೇಲೆ ಕೂದಲೆಳೆಯಷ್ಟು ಉಬ್ಬಿ ಉಳಿದಿತ್ತು. ಅಡ್ಡ ಬೆಳಕಿಗೆ ಆ ಅಂಚಿನ ನೆರಳು ಬಿದ್ದು ಮೊಣಕಾಲು, ಗೊರಸು ಕಂಡವು. ನಾನು ಒಂದು ಫೋಟೋ ತೆಗೆದುಕೊಂಡೆ.

ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿ ಹಳೆಯ ಚಿತ್ರಗಳ ತಪಾಸಣೆ ಶುರುವಾಗುವುದೂ ಇಂಥ ಓರೆ ಬೆಳಕಿನಿಂದಲೇ. ಮುಂದೆ ನೇರಳಾತೀತ ಬೆಳಕು ಹಾಯಿಸುತ್ತಾರೆ. ಹಳೆಯ ವಾರ್ನಿಷ್ ಮಿನುಗುತ್ತದೆ, ಆಮೇಲೆ ಯಾರೋ ತಿದ್ದಿದ ಜಾಗ ಕಪ್ಪಾಗಿ ಬೇರೆಯೇ ನಿಲ್ಲುತ್ತದೆ. ಇನ್‌ಫ್ರಾರೆಡ್ ಕ್ಯಾಮೆರಾ ಇಟ್ಟರೆ ಬಣ್ಣದ ಅಡಿಗೆ ಇದ್ದಿಲಿನಿಂದ ಹಾಕಿಕೊಂಡ ಗೆರೆ ಸಿಗುತ್ತದೆ. ಕಲಾವಿದ ಮೊದಲು ಕೈಯನ್ನು ಎಲ್ಲಿ ಬರೆದಿದ್ದ, ಮನಸ್ಸು ಬದಲಿಸಿ ಎಲ್ಲಿಗೆ ಸರಿಸಿದ ಎಂಬುದೆಲ್ಲ ಬಯಲು.

ಇವುಗಳಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ ಮಾಡಿದ ಕೆಲಸ. ಅಲ್ಲಿ ಡಚ್ ಚಿತ್ರಕಾರ ರೆಂಬ್ರಾಂಟ್ 1642ರಲ್ಲಿ ಬರೆದ 'ನೈಟ್ ವಾಚ್' ಇದೆ. ನಮ್ಮ ವಿಜಯಪುರದ ಆಸಾರ್ ಮಹಲಿನ ಕಾಲದ್ದೇ ಅನ್ನಿ. ಹೆಸರಿನಲ್ಲಿ ರಾತ್ರಿಯಿದ್ದರೂ ಚಿತ್ರ ರಾತ್ರಿಯದಲ್ಲ. ವಾರ್ನಿಷ್ ಕಪ್ಪಾಗುತ್ತ ಹೋಗಿ ಜನ ಹಾಗೆ ಕರೆದರು. ಒಂದು ಗೋಡೆಯಷ್ಟು ದೊಡ್ಡದಾದ ಆ ಚಿತ್ರವನ್ನು 8,439 ಫೋಟೋಗಳಾಗಿ ತುಂಡು ತುಂಡು ತೆಗೆದರು. ಒಂದೊಂದು ತುಂಡೂ ಬೆಂಕಿಪೊಟ್ಟಣದಷ್ಟೇ. ಕ್ಯಾಮೆರಾ ಚೂರು ಹಿಂದೆ ಮುಂದೆ ಆದರೂ ಮಸಕು; ಹಾಗಾಗಿ ಪ್ರತಿ ಸಲವೂ ಲೇಸರ್ ಹಿಡಿದು ಅಂತರ ಅಳೆದೇ ಬಟನ್ ಒತ್ತಬೇಕು. ಎಲ್ಲವನ್ನೂ ಕಂಪ್ಯೂಟರಿನಲ್ಲಿ ಹೊಲಿದು 2022ರ ಜನವರಿಯಲ್ಲಿ ಹೊರಗಿಟ್ಟ ಚಿತ್ರದಲ್ಲಿ 71,700 ಕೋಟಿ ಚುಕ್ಕಿಗಳಿದ್ದವು. ಒಂದು ಮಿಲಿಮೀಟರಿನಲ್ಲಿ 200 ಚುಕ್ಕಿ! ನಿಮ್ಮ ತಲೆಯ ಒಂದು ಕೂದಲನ್ನು ಅದರ ಮೇಲಿಟ್ಟರೆ ಅದರ ಅಗಲಕ್ಕೇ ಹತ್ತಕ್ಕೂ ಮಿಕ್ಕಿ ಚುಕ್ಕಿ ಮುಚ್ಚಿಹೋಗುತ್ತವೆ.

ಡಚ್ಚರ ಮಾತು ಬಂತೆಂದು ಹೇಳುತ್ತೇನೆ. ಅವರ ಹಾರ್ಲೆಮ್ ಊರಿನ ಕಾರ್ನೆಲಿಸ್ ಹೇಡಾ ಎಂಬ ಚಿತ್ರಕಾರ ನಮ್ಮ ಇಮ್ಮಡಿ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ ಇದೇ ವಿಜಯಪುರದಲ್ಲಿ ಬಾಳಿದವನು. ನಂಟು ಹೊಸದೇನಲ್ಲ ನೋಡ್ರಿ.

ಪತ್ರಿಕೆಗಳಿಗೆ ಬೇಕಾಗುವುದು ಗುಟ್ಟು. ಇನ್ನೊಬ್ಬ ಡಚ್ ಚಿತ್ರಕಾರ ವರ್ಮೀರ್ ಬರೆದ ಮುತ್ತಿನ ಓಲೆಯ ಹುಡುಗಿಗೆ ರೆಪ್ಪೆಗೂದಲು ಇವೆ, ಕಪ್ಪೆಂದುಕೊಂಡ ಹಿನ್ನೆಲೆ ಮೊದಲು ಹಸಿರು ಪರದೆಯಾಗಿತ್ತು ಎಂದು 2020ರಲ್ಲಿ ಗೊತ್ತಾದಾಗ ಜಗತ್ತೆಲ್ಲ ಸುದ್ದಿ. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ನನ್ನ ಲೆಕ್ಕದಲ್ಲಿ ಈ ಫೋಟೋಗಳ ನಿಜವಾದ ಉಪಯೋಗ ಬಹಳ ಸಪ್ಪೆಯದು. ಇವತ್ತು ಇಂಥ ಬಿರುಕು ಇಷ್ಟು ಉದ್ದ ಇದೆ ಎಂದು ಬರೆದಿಟ್ಟ ಹಾಗೆ ಅದು. ಹತ್ತು ವರ್ಷ ಬಿಟ್ಟು ಅದೇ ಜಾಗ, ಅದೇ ಬೆಳಕಿನಲ್ಲಿ ಮತ್ತೆ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟರೆ ಬಣ್ಣ ಎಲ್ಲಿ ಮೇಲೇಳುತ್ತಿದೆ ಎಂಬುದು ಉದುರುವ ಮೊದಲೇ ತಿಳಿಯುತ್ತದೆ. ಕ್ಯಾನ್ವಾಸಾದರೆ ಗಾಜಿನ ಕೋಣೆಯಲ್ಲಿ ಇಡಬಹುದು. ಬಾದಾಮಿಯ ಮೂರನೆಯ ಗುಹೆಯ ಚಿತ್ರಗಳನ್ನು ಎಲ್ಲಿಗೆ ಒಯ್ಯುತ್ತೀರಿ? ಅಲ್ಲಿರುವ ಚಾಲುಕ್ಯರ ಮಂಗಳೇಶನ ಶಾಸನ 578ರದು. ಅಂದಿನಿಂದ ಬಂಡೆಗೆ ಬಿಸಿಲು, ತೇವ, ಬಾವಲಿ ಎಲ್ಲವೂ ತಾಗಿವೆ. ಕಪೋತದ, ಅಂದರೆ ಮುಂದೆ ಚಾಚಿದ ಸೂರಿನ, ಒಳಬಾಗಿನಲ್ಲಿ ಉಳಿದ ಬಣ್ಣದ ತೇಪೆಗಳನ್ನು ಕತ್ತೆತ್ತಿ ಹುಡುಕಬೇಕು.

ಕಳೆದ ಚಳಿಗಾಲದಲ್ಲಿ ಮತ್ತೆ ಕುಮಟಗಿಗೆ ಹೋದೆ. ಅದೇ ಕಮಾನು, ಅದೇ ಮೂಲೆ, ಬ್ಯಾಟರಿ ಓರೆ ಹಿಡಿದೆ. ಮೊಣಕಾಲಿತ್ತು, ಗೊರಸಿನ ಜಾಗದಲ್ಲಿ ಬಿಳಿ ಗಾರೆ. ಎಷ್ಟು ಉದುರಿದೆ ಎಂದು ಅಳೆಯೋಣವೆಂದರೆ ಹಳೆಯ ಫೋಟೋದಲ್ಲಿ ಅಳತೆಗೆ ಏನೂ ಇಲ್ಲ. ಅವತ್ತು ನನ್ನ ಕೈಚೀಲದಲ್ಲೇ ಫೂಟಪಟ್ಟಿ ಇತ್ತು, ಪಕ್ಕದಲ್ಲಿ ಹಿಡಿಯಲು ಹೊಳೆಯಲಿಲ್ಲ. ಈ ಸಲ ಗೋಡೆಗೆ ತಾಗದ ಹಾಗೆ ಪಟ್ಟಿ ಹಿಡಿದೇ ತೆಗೆದಿದ್ದೇನೆ.

ನಮಸ್ಕಾರ.