ಹಾಲಿನ ಲೆಕ್ಕದ ಪಕ್ಕ

ಕೇಳುಗರೇ, ನಮಸ್ಕಾರ.

ಶಿರಸಿಯಿಂದ ಕುಮಟಾಕ್ಕೆ ಹೋಗುವ ಬಸ್ಸು ದೇವಿಮನೆ ಘಟ್ಟ ಇಳಿಯುತ್ತಿತ್ತು. ಒಂದೊಂದು ತಿರುವಿಗೂ ಕೆಳಹೊಟ್ಟೆಯ ಎಡಗಡೆ ಯಾರೋ ಹಗ್ಗ ಕಟ್ಟಿ ಜಗ್ಗಿದ ಹಾಗೆ. ನನಗೆ ಗುರುತಿನ ನೋವೇ ಅದು. ಆಪರೇಷನ್ ಆಗಿ ಒಂದೂವರೆ ವರ್ಷವಾಗಿತ್ತು. ಮುಗಿಯಿತು ಅಂದುಕೊಂಡಿದ್ದೆ.

ಎಂಡೊಮೆಟ್ರಿಯೋಸಿಸ್. ಹೆಸರು ಉದ್ದ, ವಿಷಯ ಇಷ್ಟೇ: ಗರ್ಭಕೋಶದ ಒಳಪದರದಂಥದ್ದು ಹೊರಗೆ, ಅಂಡಾಶಯದ ಮೇಲೋ ಕರುಳಿನ ಹತ್ತಿರವೋ ಬೆಳೆಯುತ್ತದೆ. ಮುಟ್ಟಾಗುವ ವಯಸ್ಸಿನ ಸುಮಾರು 10 ಹೆಂಗಸರಲ್ಲಿ ಒಬ್ಬರಿಗೆ ಇದು ಇರುತ್ತದಂತೆ. ಅಡಿಕೆ ಸುಲಿಯಲು ಕೂತ ಸಾಲಿನಲ್ಲೇ ಒಬ್ಬಳಿರಬಹುದು, ಅಲ್ವಾ?

"ತಂಗೀ, ಆಪರೇಷನ್ ಮಾಡ್ಸಿದ ಮೇಲೂ ನೋವೇನೇ?" ಅಂದರು ಅತ್ತೆ. ಬೈದದ್ದಲ್ಲ, ಅವರಿಗೆ ಅರ್ಥವಾಗಿರಲಿಲ್ಲ. ನನಗೂ ಆಗಿರಲಿಲ್ಲ. ಮೊದಲು ತೋರಿಸಿದ ಕಡೆ ಸ್ಕ್ಯಾನ್ ನೋಡಿ, "ಏನೂ ಇಲ್ಲ, ಟೆನ್ಷನ್ ಬಿಡಿ" ಅಂದರು. ಸಣ್ಣ ಕಲೆಗಳು ಸ್ಕ್ಯಾನಿನಲ್ಲಿ ಕಾಣದೇ ಹೋಗಬಹುದು ಅಂತ ಗೊತ್ತಾದದ್ದು ಆಮೇಲೆ.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ನೋವಿಗೂ ಅಂಕ ಬರೆಯತೊಡಗಿದೆ. 0 ಅಂದರೆ ಇಲ್ಲ. 10 ಅಂದರೆ ಎದ್ದು ನಿಲ್ಲಲಾಗದು. ಮೂರು ತಿಂಗಳ ಹಾಳೆ ಹರಿದುಕೊಂಡು ಹುಬ್ಬಳ್ಳಿಗೆ ಹೋದೆ. ಡಾಕ್ಟರಮ್ಮ ಹಾಳೆಯ ಮೇಲೆ ಬೆರಳಿಟ್ಟರು. "ಮುಟ್ಟಿನ ದಿನ 8, ಸರಿ. ಬಸ್ಸು ಹತ್ತಿದ ದಿನವೂ 6 ಯಾಕೆ?"

ಕಾಯಿಲೆ ಮರಳುವುದುಂಟು. ಆಪರೇಷನ್ ಆದ 2 ವರ್ಷದೊಳಗೆ ಸುಮಾರು ಐವರಲ್ಲಿ ಒಬ್ಬರಿಗೆ, 5 ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ. ಆದರೆ ಎಲ್ಲ ನೋವೂ ಅದೇ ಅಲ್ಲ. ವರ್ಷಗಟ್ಟಲೆ ನೋವಿಗೆ ಹೆದರಿ ಬಿಗಿಹಿಡಿದ ಸೊಂಟದೊಳಗಿನ ಸ್ನಾಯುಗಳು ಸಡಿಲಾಗುವುದನ್ನೇ ಮರೆತಿರುತ್ತವೆ. ಫಿಸಿಯೋಥೆರಪಿಯವರು ಕಲಿಸಿದ್ದು ಇಷ್ಟು: ಮಂಡಿ ಮಡಚಿ ಅಂಗಾತ ಮಲಗಿ, ಹೊಟ್ಟೆ ಉಬ್ಬುವಂತೆ ನಿಧಾನ ಉಸಿರೆಳೆದು, ಕೆಳಗೆಲ್ಲ ಸಡಿಲ ಬಿಡುವುದು. ಮೊದಲ ದಿನ ನಗು ಬಂತು. ಇದಕ್ಕೂ ಫೀಸಾ ಅಂತ.

ಆಮೇಲೆ ಡಾಕ್ಟರಮ್ಮ ಕೇಳಿದರು, "ಹಾರ್ಮೋನ್ ಮಾತ್ರೆ?" ದಪ್ಪಗಾಗುತ್ತೀಯ ಅಂತ ಪಕ್ಕದ ಮನೆಯವರು ಹೆದರಿಸಿದ್ದಕ್ಕೆ ನಾಲ್ಕೇ ತಿಂಗಳಿಗೆ ಸುಮ್ನೆ ಬಿಟ್ಟಿದ್ದೆ. ತಪ್ಪು ನನ್ನದೇ. ಕಾಯಿಲೆ ಮರಳುವುದನ್ನು ತಡೆಯಲೆಂದೇ ಕೊಟ್ಟ ಮಾತ್ರೆ ಅದು. ಸದ್ಯಕ್ಕೆ ಮಗು ಬೇಕೆನ್ನುವವರ ದಾರಿ ಬೇರೆ, ಅದನ್ನು ಡಾಕ್ಟರ ಹತ್ತಿರವೇ ಮಾತಾಡಿ. ನೋವಿನ ಗುಳಿಗೆಯನ್ನು ನೋವು ಏರುವವರೆಗೆ ಕಾಯದೆ, ಶುರುವಿನಲ್ಲೇ, ಊಟದ ಮೇಲೆ ತಗೊಳ್ಳಿ. ಗ್ಯಾಸ್ಟ್ರಿಕ್, ಕಿಡ್ನಿ ತೊಂದರೆ ಇದ್ದವರು ಕೇಳದೆ ಮುಟ್ಟಬೇಡಿ.

ಈಗ ಹಾಲಿನ ಲೆಕ್ಕ ಬರೆಯುವಾಗ ಅತ್ತೆಯೇ ಕೇಳುತ್ತಾರೆ, "ಇವತ್ತೆಷ್ಟು?" ನಿನ್ನೆ ಕುಮಟಾಕ್ಕೆ ಹೋಗಿ ಬಂದೆ. "ಮೂರು" ಅಂದೆ. ಬರೆದರು.