ದೊಡ್ಡವ್ವನ ಸೀರೆ ತುಂಡು

ಕೇಳುಗರಿಗೆ ನಮಸ್ಕಾರ.

ಸಂಡೂರು ಕಡೆ ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ಕಾಲ. ನಮ್ಮ ದೊಡ್ಡವ್ವ ಕೊಡದ ಬಾಯಿಗೆ ಹಳೇ ಸೀರೆಯ ತುಂಡು ಕಟ್ಟಿಯೇ ನೀರು ಹಿಡಿಯುತ್ತಿದ್ದಳು. ಸಂಜೆ ಬಿಚ್ಚಿದರೆ ಬಟ್ಟೆ ಕೆಂಪಗೆ. ಒಗೆದು ಮತ್ತೆ ಕಟ್ಟುವುದು. ಧೂಳು ಕಣ್ಣಿಗೆ ಕಾಣುತ್ತಿತ್ತು, ಹಾಗಾಗಿ ಕೈಗೊಂದು ಕೆಲಸವೂ ಇತ್ತು.

ನೈಜೀರಿಯಾದ ಎಣ್ಣೆ ಸೀಮೆಯ ಬಗ್ಗೆ ಓದುವಾಗ ನನಗೆ ಆ ಬಟ್ಟೆ ನೆನಪಾಯಿತು. ಅಲ್ಲಿ ನೈಜರ್ ನದಿ ಕವಲೊಡೆದು ಸಮುದ್ರ ಸೇರುತ್ತದೆ. 1956ರಲ್ಲಿ ಓಲೊಯ್ಬಿರಿ ಅನ್ನುವ ಊರಲ್ಲಿ ನೆಲದಡಿ ಕಚ್ಚಾ ಎಣ್ಣೆ ಸಿಕ್ಕಿತು. ಆಮೇಲೆ ಪೈಪು ಬಂದವು, ಸೋರಿಕೆ ಬಂತು, ರಾತ್ರಿಯನ್ನೂ ಹಗಲು ಮಾಡುವ ಗ್ಯಾಸಿನ ಬೆಂಕಿ ಬಂತು. ಮೀನು ಹಿಡಿಯುವ ನೀರಿನ ಮೇಲೆ ಎಣ್ಣೆಯ ಪದರ. ಅಲ್ಲಿನ ಓಗೋನಿ ನಾಡಿನ ಬಗ್ಗೆ ವಿಶ್ವಸಂಸ್ಥೆಯ ಪರಿಸರ ವಿಭಾಗ 2011ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಒಂದು ಊರಿನ ಜನ ಕುಡಿಯುತ್ತಿದ್ದ ಬಾವಿ ನೀರಲ್ಲಿ ಬೆಂಜೀನ್ ಇತ್ತು. ಅದು ಕ್ಯಾನ್ಸರ್ ತರುವ ವಸ್ತು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ 900 ಪಟ್ಟು ಜಾಸ್ತಿ! ನಾಡು ಪೂರ್ತಿ ಚೊಕ್ಕಟವಾಗಲು 25ರಿಂದ 30 ವರ್ಷ ಹಿಡಿಯಬಹುದು ಅಂತಲೂ ಬರೆದಿದ್ದರು.

ಬೆಂಜೀನ್ ಸೀರೆ ತುಂಡಿಗೆ ಸಿಗುವುದಿಲ್ಲ. ಎಷ್ಟು ಸೋಸಿದರೂ ಅನುಮಾನ ಉಳಿಯುತ್ತದೆ. ಮಗುವಿಗೆ ನೀರಿನ ಲೋಟ ಕೊಡುವಾಗ ಅಲ್ಲಿನ ತಾಯಿಯ ಕೈ ತಡೆದರೆ, ಸುಮ್ನೆ ಹೆದರುತ್ತಾಳೆ ಅನ್ನೋಕಾಗುತ್ತಾ? ಹೆದರಿಕೆಗೆ ಕಾರಣ ಬಾವಿಯಲ್ಲೇ ಇದೆ.

ಆ ವರದಿ ಬರುವುದಕ್ಕೆ ಸುಮಾರು ಒಂದು ವಾರದ ಮುಂಚೆ, ಜುಲೈ 29ಕ್ಕೆ, ಸುಪ್ರೀಂ ಕೋರ್ಟ್ ನಮ್ಮ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತ್ತು. ಧೂಳು ತಗ್ಗಿತು. ಆದರೆ ಸಾಲ ಮಾಡಿ ಲಾರಿ ತಂದಿದ್ದ ನಮ್ಮ ಮಾವನಿಗೆ ನಿದ್ದೆ ಹೋಯಿತು. ಲಾರಿ ಓಡಿದರೆ ಮಕ್ಕಳ ಕೆಮ್ಮಿನ ಚಿಂತೆ, ನಿಂತರೆ ಕಂತಿನ ಚಿಂತೆ. ಧೂಳಿನ ಬಗ್ಗೆ ಬಾಯಿ ಬಿಟ್ಟು ಹೇಳುವುದೂ ಕಷ್ಟ. ಅನ್ನ ಹಾಕುವುದೂ ಅದೇ ಅಲ್ವಾ?

ಆಸ್ಟ್ರೇಲಿಯಾದ ಗ್ಲೆನ್ ಆಲ್ಬ್ರೆಕ್ಟ್ ಅನ್ನುವವರು ಕಲ್ಲಿದ್ದಲು ಗಣಿಗಳ ಪಕ್ಕದ ಜನರಲ್ಲಿ ಇಂಥದ್ದೇ ಸಂಕಟ ಕಂಡು, ಅದಕ್ಕೆ ಸೋಲಾಸ್ಟಾಲ್ಜಿಯಾ ಅಂತ ಹೆಸರಿಟ್ಟರು. ಹೆಸರು ನಾಲಿಗೆಗೆ ತೊಡಕು, ಬಿಡಿ. ಮನೆ ಬಿಟ್ಟು ಎಲ್ಲೂ ಹೋಗದೆಯೇ ಮನೆ ನೆನಪಾಗಿ ಕಾಡುವುದು ಅಂತ ಅರ್ಥ. ಅಂಗಳದಲ್ಲೇ ನಿಂತಿರುತ್ತೀರಿ, ಎದುರಿಗಿದ್ದ ಗುಡ್ಡ ಮಾತ್ರ ಇರುವುದಿಲ್ಲ.

ಇಂಥ ಚಿಂತೆಯಿಂದ ನಿದ್ದೆ ಕೆಟ್ಟವರು 14416ಕ್ಕೆ ಫೋನ್ ಮಾಡಬಹುದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಫೋನಿನಿಂದ ಬಾವಿ ಶುದ್ಧವಾಗುವುದಿಲ್ಲ, ನಿಜ. ಅದನ್ನು ಕೇಳುವ ಜಾಗ ಗ್ರಾಮಸಭೆ. ಅಲ್ಲಿ ನೀರಿನ ಪರೀಕ್ಷೆಯ ವರದಿ ಕೇಳಿ.

ಮೊನ್ನೆ ಊರಿಗೆ ಹೋಗಿದ್ದೆ. ಈಗ ಮನೆಗೇ ನಲ್ಲಿ ಬಂದಿದೆ. ದೊಡ್ಡವ್ವ ನಲ್ಲಿಗೂ ಬಟ್ಟೆ ಕಟ್ಟಿದ್ದಳು. ಬಿಚ್ಚಿ ನೋಡಿದೆ, ಬೆಳ್ಳಗೇ ಇತ್ತು. "ಮತ್ಯಾಕೆ ಕಟ್ಟೀದಿ?" ಅಂದೆ.

"ಇರ್ಲಿ ಬಿಡು. ಕಟ್ಟದಿದ್ರ ನಂಗ ನಿದ್ದಿ ಬರಂಗಿಲ್ಲ" ಅಂದಳು.